ಒಂದೂವರೆ ಅಡಿ

ಕಾತ್ರಜದಿಂದ ಸ್ವಾರಗೇಟಿಗೆ ಕೊನೆಯ ಬಸ್ಸು.
ಒಳಗೆ ಒಂಬತ್ತು ಜನ. ಹೂವಿನವಳು
ಉಳಿದ ಶೇವಂತಿಗೆಯ ಮೇಲೆ ಕೈಯಿಟ್ಟು ನಿದ್ದೆ.
ನಾನು ಕಂಡಕ್ಟರ್. ಖಾಕಿ ಅಂಗಿ,
ಎದೆಗೆ ಅಡ್ಡ ಚರ್ಮದ ಚೀಲ, ದಿನದ ಚಿಲ್ಲರೆ.

ಸೀಟುಗಳ ನಡುವಿನ ದಾರಿ ಒಂದೂವರೆ ಅಡಿ.
ಇದನ್ನು ಮೊದಲೇ ಹೇಳಿಬಿಡಬೇಕು,
ಮುಂದಿನದೆಲ್ಲ ನಡೆದದ್ದು ಈ ಅಳತೆಯೊಳಗೆ.

ಡಿಪೋದ ನಂದಿನಿ ಕರಾಟೆಗೆ ಹೋಗುತ್ತಾಳೆ.
ಮೂಗಿಗೊಂದು ಗುದ್ದು, ಅಷ್ಟೇ ಸಾಕು, ಅನ್ನುತ್ತಾಳೆ.
ಗುದ್ದಿಗೆ ಹಿಂದೆ ಸರಿಯಲು ಜಾಗ ಬೇಕು ನಂದಿನಿ,
ಒದೆತಕ್ಕೆ ಒಂದು ಅಂಗಳವೇ ಬೇಕು.

ನನ್ನ ಅಜ್ಜ ಮಲಕಾರಿ, ಜತ್ತ ಕಡೆಯವನು,
ಭವಾನಿ ಪೇಠೆಯ ಬೆಲ್ಲದ ಅಡತಿಯಲ್ಲಿ ಹಮಾಲ,
ಸಂಜೆಗೆ ತಾಲೀಮಿನ ವಸ್ತಾದ.
ಹೆಣ್ಣು ಹುಡುಗಿ ಹೊಸ್ತಿಲು ದಾಟಕೂಡದು ಎಂದರು ಅಲ್ಲಿ.
ಅವನು ಜಗಳಕ್ಕೆ ಹೋಗಲಿಲ್ಲ.
ಬೆಲ್ಲದ ಚೀಲದಲ್ಲಿ ಕೆಮ್ಮಣ್ಣು ಹೊತ್ತು
ಮೂರು ಮಹಡಿ ಹತ್ತಿದ, ಹತ್ತುತ್ತಲೇ ಇದ್ದ ಒಂದು ತಿಂಗಳು.
ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಹದ ಮಾಡಿದ.
ಕೆಳಗೆ ಗೋಸಾವಿಯವರ ಅಡಿಗೆಮನೆ ಸೋರಿತು.

‘ಹೊಡಿಯಾವ ದೂರ ಬೇಡತಾನ, ನೀ ಕೊಡಬ್ಯಾಡ.
ಅಂಟು. ಬೆಲ್ಲಕ್ಕ ಇರುವಿ ಅಂಟಿಧಾಂಗ.’

ಪದ್ಮಾವತಿಯಲ್ಲಿ ಹತ್ತಿದವರು ಇಬ್ಬರು.
ಒಬ್ಬ ಹಿಂದಿನ ಸೀಟಿಗೆ ಹೋದ. ಇನ್ನೊಬ್ಬ
ನೋಟು ಚಾಚಿದ, ಟಿಕೇಟು ತೆಗೆದುಕೊಳ್ಳಲಿಲ್ಲ,
ಮುಂಗೈ ತೆಗೆದುಕೊಂಡ.
ಮತ್ತೊಂದು ಕೈ ಚೀಲದ ಪಟ್ಟಿಯ ಮೇಲೆ.
ಏನೋ ಅಂದ. ಸಾರಾಯಿಯ ಬಿಸಿ ಮಾತ್ರ ನೆನಪಿದೆ.

ಅವನು ಎಳೆದ. ನಾನು ತಿರುಗಿ ಎಳೆಯಲಿಲ್ಲ,
ಎಳೆದತ್ತಲೇ ಹೋದೆ, ಅವನು ನೆನಸಿದ್ದಕ್ಕಿಂತ ಬೇಗ.
ಹಣೆ ಅವನ ದವಡೆಯ ಕೆಳಗೆ,
ತೋಳು ಕಂಕುಳ ಸಂದಿಯಿಂದ ಬೆನ್ನಿಗೆ,
ಕಾಲು ಒಳಗಾಲಿಗೆ.
ಏಳು ವರ್ಷದ ಬೆಳಗುಗಳು
ಮೂರು ಎಣಿಸುವಷ್ಟರಲ್ಲಿ ಖರ್ಚಾದವು.

ಮಣ್ಣು, ಬಿದ್ದವನಿಗೆ ತುಸು ಬಾಗುತ್ತದೆ.
ಗುಟ್ಕಾ ಉಗುಳಿದ ತಗಡು ಬಾಗಲಿಲ್ಲ.
ಅವನ ಬೆನ್ನು ಸದ್ದು ಮಾಡಿತು,
ನನ್ನ ಮೊಣಕೈ ಸುಲಿಯಿತು.

ಕುಸ್ತಿಯಲ್ಲಿ ಬೆನ್ನು ತಾಗಿದರೆ ಮುಗಿಯಿತು, ಹಲಗಿ, ಪೇಟ.
ಇಲ್ಲಿ ಬೆನ್ನು ತಾಗಿದ ಮೇಲೆಯೇ
ಎರಡನೆಯವನು ಎದ್ದ.

ಅಖಾಡದಲ್ಲಿ ಎರಡನೆಯವನು ಇರುವುದಿಲ್ಲ.
ಹಿಡಿದು ಕೂತರೆ ನನ್ನ ತಲೆ ಅವನ ಕಾಲಳತೆಗೆ.
ಯಾವಾಗಲೋ ಒಮ್ಮೆ, ಬೀಡಿ ಹಚ್ಚುತ್ತ, ಅಜ್ಜ ಅಂದಿದ್ದ:
‘ಬಿಡೂದೂ ಒಂದ ಪಟ್ಟ.’
ಬಿಟ್ಟೆ. ಎದ್ದೆ. ಬೆನ್ನಿಗೆ ಕಂಬ.
ಜಗತಾಪ ಬ್ರೇಕು ಒತ್ತಿದ.
ಓಡಿಬಂದವನು ಶೇವಂತಿಗೆ ಬುಟ್ಟಿಗೆ ಎಡವಿ ಬಿದ್ದ,
ಹೂವಿನವಳು ಎದ್ದು ಬೈದ ಮರಾಠಿ
ನನಗೂ ಹೊಸದು.
ಇಳಿದರು ಇಬ್ಬರೂ, ಒಬ್ಬ ಕುಂಟುತ್ತ.

ಡಿಪೋದಲ್ಲಿ ಲೆಕ್ಕ ಹನ್ನೊಂದು ರೂಪಾಯಿ ಕಡಿಮೆ.
ಮೂರು ಸಲ ಎಣಿಸಿದೆ, ಕೈ ನಿಲ್ಲಲಿಲ್ಲ.
ಗೆದ್ದವಳ ಕೈ ಹೀಗೆ ನಡುಗುವುದುಂಟೇ
ಎಂದು ಅಲ್ಲಿ ಯಾರನ್ನು ಕೇಳಲಿ?
ನನ್ನ ಪರ್ಸಿನಿಂದ ತುಂಬಿದೆ.

ಬೆಳಗಿನ ಜಾವ ತಾರಸಿ.
ಮಳೆಗೆ ತೊಳೆದು ಉಳಿದದ್ದು ಅರ್ಧ ಗೇಣು ಮಣ್ಣು.
ಅಜ್ಜನಿಗೆ ಎಪ್ಪತ್ತೆಂಟು, ಒಂದು ಕಣ್ಣಿಗೆ ಪೊರೆ.
ಎಲ್ಲ ಕೇಳಿದ, ಹೊಗಳಲಿಲ್ಲ.
ಮುಂಗೈ ಚಾಚಿದ: ‘ಹಿಡಿ.’
ಹಿಡಿದೆ, ನಿನ್ನೆಯ ಸಿಟ್ಟನ್ನೂ ಸೇರಿಸಿ.
ನನ್ನ ಹೆಬ್ಬೆರಳಿನತ್ತ ಅದು ಒಮ್ಮೆ ಹೊರಳಿತು, ಅಷ್ಟೇ.
ನನ್ನ ಕೈಯಲ್ಲಿ ಗಾಳಿ.

‘ಅವಾ ಕಲಿತಾವ ಆಗಿದ್ರ?’

ಕೆಳಗೆ ಹಾಲಿನ ಸೈಕಲ್ಲು ಗಂಟೆ ಬಾರಿಸಿತು.
‘ಮತ್ತ ಹಿಡಿ’ ಅಂದ.