ಕೈಸನ್ನಿ ಪಲ್ಯ

ಬನಹಟ್ಟ್ಯಾಗ ನಮ್ಮ ಓಣಿಯ ಮಾತು
ಬಾಯಿಂದ ಬರೂದು ರಾತ್ರಿ ಒಂಬತ್ತರ ಮ್ಯಾಲ.
ಹಗಲೆಲ್ಲಾ ಮಗ್ಗದ್ದ ಕಾರಭಾರ,
ಖಟಕ್ ಖಟಕ್, ಆರು ಮಗ್ಗಕ್ಕ ಒಂದ ತಗಡು.
ಎದುರಿಗೆ ನಿಂತು ಒದರಿದ್ರೂ
ತುಟಿ ಅಷ್ಟ ಅಲ್ಲಾಡತಾವ, ಮೀನಿನ ತುಟಿ ಅಲ್ಲಾಡಿದಂಗ.

ಚಾಂದಬೀದು ನಾಕನೇ ಮಗ್ಗ, ನಂದು ಐದು.
ಹನ್ನೊಂದು ವರ್ಷ ಬಾಜೂಕ ನಿಂತೀವಿ.
ಅಕಿ ದನಿ ಹೆಂಗೈತಿ ಅಂತ ಯಾರರ ಕೇಳಿದ್ರ
ಥಟ್ಟನ ಹೇಳಾಕ ಬರತಿದ್ದಿಲ್ಲ ನನಗ.
ಕೈ ಗೊತ್ತು. ಎಡಗೈ ಹೆಬ್ಬಟ್ಟಿಗೆ
ನೂಲು ಕೊಯ್ದ ಗೀರು ಗೊತ್ತು.

ಜಮಖಂಡಿ ಡಾಕ್ಟರು ನಮ್ಮನ್ಯಾವರಿಗೆ
ಸಕ್ಕರಿ ರೋಗ ಅಂತ ಚೀಟಿ ಬರದು ಕೊಟ್ರು:
ಅನ್ನ ಕಡಿಮಿ, ಚಾ ಸಪ್ಪಗ, ತಪ್ಪಲ ಹೆಚ್ಚು.
ತಪ್ಪಲ ಅಂದ್ರ ಎಮ್ಮಿ ಮೇವು ಅನ್ನೂ ಮನಶ್ಯಾ
ಕಟ್ಟಿಮ್ಯಾಲ ಮಾರಿ ಉಬ್ಬಿಸಿಕೊಂಡು ಕುಂತಿದ್ರು.

ಮರುದಿನ ಚಾಂದಬೀ ಡಬ್ಬಿಯೊಳಗ ಪುಂಡಿಪಲ್ಯ.
ಹುಬ್ಬು ಏರಿಸಿದೆ: ಹೆಂಗ ಮಾಡಿದಿ?
ಅಕಿ ಮಗ್ಗ ನಿಲ್ಲಸಲಿಲ್ಲ.
ಸೀರಿಗಿಷ್ಟು ಅಂತ ಕೂಲಿ, ನಿಂತ್ರ ಅದೂ ನಿಂತಂಗ.
ಕೈಲೆ ಹೇಳಿದಳು.

ದಂಟು ಚಿವುಟಿ ಒಗಿ.
ಎಲಿ ಎರಡು ಬೊಗಸಿ, ಮೂರು ನೀರಾಗ ತೊಳಿ.
ಕುದಿಸಿ ಬಸಿ, ಇಲ್ಲಾಂದ್ರ ಹಿಂಗ ಅಕ್ಕೈತಿ ಅಂತ
ಹುಣಸಿಹಣ್ಣು ತಿಂದ ಮಾರಿ ಮಾಡಿದಳು.
ತೊಗರಿಬ್ಯಾಳಿ ಒಂದು ಹಿಡಿ.
ಹಸಿ ಮೆಣಸಿನಕಾಯಿ ಎಷ್ಟು?
ಮೂಗಿನ ತುದಿ ಮುಟ್ಟಿದಳು:
ನಿನ್ನ ಗಂಡನ ಸಿಟ್ಟು ಎಷ್ಟೋ ಅಷ್ಟು.
ಬಳ್ಳೊಳ್ಳಿಗೆ ಸನ್ನಿ ಬೇಕಿಲ್ಲ, ಮೂಗು ಅರಳಿಸಿದ್ರ ಸಾಕು.
ಕಡೀಕ, ಹೆಬ್ಬಟ್ಟು ಬೆರಳಿಗೆ ತಿಕ್ಕಿ ತಿಕ್ಕಿ,
ಮುಷ್ಟಿ ಮುಚ್ಚಿ, ತೆಗದು:
ಇದು ಒಂದು ಹಿಡಿ.

ಶೇಂಗಾ ಅಂತ ತಿಳಕೊಂಡೆ ನಾನು.
ಹುರದ ಶೇಂಗಾದ ಸಿಪ್ಪಿ
ಹಿಂಗ ಅಲ್ಲೇನು ತಿಕ್ಕಿ ಊದೂದು?
ಕುಟ್ಟಿ ಹಾಕಿದೆ.

ಅವರು ಒಂದು ರೊಟ್ಟಿ ಉಂಡ್ರು.
ಗಂಗಾಳ ಮುಂದಕ್ಕ ದೂಡಿದ್ರು. ಮಾತಿಲ್ಲ.
ಇನ್ನೊಂದು ರೊಟ್ಟಿ.

ನನ್ನ ಡಬ್ಬಿಯ ಪಲ್ಯ ನಾಲಿಗಿಮ್ಯಾಲ ಇಟ್ಟವಳು
ಮಗ್ಗ ನಿಲ್ಲಿಸಿಬಿಟ್ಟಳು, ಹನ್ನೊಂದು ವರ್ಷದಾಗ ಮೊದಲ ಸಲ.
ಅದ ಹೊತ್ತಿಗೆ ಕರೆಂಟೂ ಹೋತು.
“ಏ ಯವ್ವಾ, ನಾ ಅಂದದ್ದು ಜ್ವಾಳದ ನುಚ್ಚು!”
ಗುಬ್ಬಿಯಷ್ಟು ದನಿ. ಇಷ್ಟು ದೊಡ್ಡ ಹೆಣಮಗಳಿಗೆ.

ಆ ಅರ್ಧ ತಾಸು ಯಾರೂ ಹೊರಗ ಹೋಗಲಿಲ್ಲ.
ಸಾಂವಕ್ಕ ಹಕ್ಕರಕಿ ಹಸೀದ ತಿನ್ರಿ ಅಂದಳು,
ಕುದಿಸಿದ್ರ ಅದರ ಜೀವ ಹೋಗತೈತಿ,
ಉಳ್ಳಾಗಡ್ಡಿ ಹೆಚ್ಚಿ, ಉಪ್ಪು, ಎರಡು ಹನಿ ಎಣ್ಣಿ.
ಕಂಡಿಕಿ ಸುತ್ತೂ ತಮ್ಮಣ್ಣ ನಾಚಿಕೋತ
ಮೊಳಕಿ ಬಂದ ಮಡಕಿಕಾಳಿನ ಸುದ್ದಿ ತಗದ:
ಎಣ್ಣಿ ಬ್ಯಾಡ, ಬಾಣಲಿ ಚಲೋ ಕಾಸಿ, ಆಮ್ಯಾಲ ಏನ್ ಹಾಕಬೇಕಂದ್ರ
ಖಟಕ್.
ಅದೇನು ಅಂತ ಇನ್ನೂ ಗೊತ್ತಾಗಿಲ್ಲ.
ಕೇಳಿದ್ರ ಬೆರಳ ತುದಿ ಕೂಡಿಸಿ ತೋರಸ್ತಾನ,
ಅದು ಜೀರಗಿನೂ ಹೌದು, ಸಾಸವಿನೂ ಹೌದು.

ಚಾಂದಬೀ ಈಗ ಎರಡೂ ಹಾಕತಾಳ,
ನುಚ್ಚು ಅರ್ಧ ಹಿಡಿ, ನನ್ನ ತಪ್ಪು ಅರ್ಧ ಹಿಡಿ.

ನಿನ್ನೆ ಮುಧೋಳದಿಂದ ಮಗಳ ಫೋನು:
ಅವ್ವಾ, ಪುಂಡಿಪಲ್ಯಕ್ಕ ನುಚ್ಚು ಎಷ್ಟು?
ಹೇಳಿದೆ. ಸುಮ್ಮನಾದಳು.
ಅವ್ವಾ, ಕೇಳಸಾಕತ್ತೈತೇನು? ಎಷ್ಟು?
ನೋಡತೀನಿ, ಫೋನು ಭುಜಕ್ಕ ಒತ್ತಿ ಹಿಡದೀನಿ,
ಬಲಗೈ ಗಾಳ್ಯಾಗ
ಹೆಬ್ಬಟ್ಟು ಬೆರಳಿಗೆ ತಿಕ್ಕಾಕತ್ತೈತಿ.