ಕೊಂಡಿ

ತುಳಜಾಬಾಯಿ ಕಾಕು ಕೇಳಿದ್ದು ಒಂದೇ ಮಾತು:
'ಅಗಳಿ ಹಾಕಿದ್ದೆ, ಹೊಸ್ತಿಲಕ್ಕ ಸುಣ್ಣ ಬಳದಿದ್ದೆ,
ಲಾಳಿ ಸುದ್ದಾ ಬಿಸಿನೀರಾಗ ಅದ್ದಿ ಒರಸಿದ್ದೆ.
ಅದು ಹ್ಯಾಂಗ ಹೊಕ್ಕಿತು ಹೇಳು, ನೀ ಲ್ಯಾಬಿನಾಕಿ.'

ಇಳಕಲ್ಲಿನ ಆ ಓಣಿಯಲ್ಲಿ ಮಗ್ಗಗಳು
ಒಂದೊಂದಾಗಿ ಕೆಮ್ಮಿ, ಮತ್ತೆ ಶುರುವಾಗುತ್ತಿದ್ದವು.
ನನ್ನ ಬಾಯಲ್ಲಿ ಆಸ್ಪತ್ರೆಯ ಮಾತು ಬಹಳ,
ಅವಳ ಕಿವಿಗೆ ಹೊಂದುವುದು ಒಂದೂ ಇಲ್ಲ.
ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತೆ.
ನಾಗೂಸಾ ಕಾಕಾ ಬಿಟ್ಟುಹೋದ ಹಾಸು ಹಾಗೇ ಇತ್ತು:
ಒಡಲಿನ ಕಡುನೀಲಿ, ಸೆರಗಿನ ಕೆಂಪು ರೇಷ್ಮೆ,
ಅರ್ಧ ಕೊಂಡಿ ಕೂಡಿವೆ,
ಅರ್ಧ ಬಾಯ್ದೆರೆದು ನಿಂತಿವೆ.

ಅದನ್ನೇ ಮುಟ್ಟಿ ಹೇಳಿದೆ.
ನಮ್ಮ ಜೀವಕೋಶದ ಗೋಡೆಗೂ ಇಂಥ ಕೊಂಡಿ ಇವೆ ಹೊರಚಾಚಿ,
ನೆತ್ತರಿನ ಒತ್ತಡ ಹದದಲ್ಲಿ ಇಡಲಿಕ್ಕೆ,
ಯಾರನ್ನೋ ಕರೆಯಲಿಕ್ಕಲ್ಲ.
ಬಂದದ್ದರ ಮೈತುಂಬ ಮುಳ್ಳು. ಮುಳ್ಳಿನ ತುದಿ
ಆ ಕೊಂಡಿಗೇ ಅಳತೆ ಕೊಟ್ಟು ಮಾಡಿಸಿದ ಹಾಗೆ.
ಸಿಕ್ಕಿಕೊಂಡಿತು. ಆದರೂ ಒಳಗೆ ಬರಲಾಗದು,
ಮುಳ್ಳಿಗೊಂದು ಗಂಟಿದೆ;
ಕತ್ತರಿಸುವ ಕತ್ತರಿ ಅದರ ಹತ್ತಿರ ಇಲ್ಲ.
ನಮ್ಮದೇ ಕತ್ತರಿ, ನಮ್ಮ ಗೋಡೆಗೇ ಆತು ಕೂತದ್ದು.
ಕಚಕ್.
ಮುಳ್ಳು ಮಡಚಿ ಹತ್ತಿರ ಜಗ್ಗಿತು.
ಸಾರಿನ ಮೇಲೆ ತೇಲುವ ಎರಡು ಎಣ್ಣೆಹನಿ
ಒಂದಾದಂತೆ ಎರಡೂ ಹೊದಿಕೆ ಒಂದಾದವು.

'ಕಳ್ಳ ಒಳಗ ಬಂದ ಅನ್ನು.'
'ಕಳ್ಳ ಅಲ್ಲ ಕಾಕು, ರಟ್ಟು.
ತೂತು ಹೊಡದ ಡಿಸೈನಿನ ರಟ್ಟು, ಅಷ್ಟ.'

ಯಾವ ಸಾವಕಾರನದೆಂದು ಮಗ್ಗ ಕೇಳುತ್ತದೆಯೇ?
ನೇಯ್ದಿತು. ನಮ್ಮ ನೂಲು, ನಮ್ಮ ಕೂಲಿ;
ಅದರ ಮುಳ್ಳು, ಅದರ ಹೊದಿಕೆ, ಅದರದೇ ಮತ್ತಷ್ಟು ರಟ್ಟು.
ಹತ್ತು ಹನ್ನೆರಡು ತಾಸಿನೊಳಗೆ
ಓಣಿಯ ತುಂಬ ಅದೇ ಸೀರೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು.
ಹೊರಗೆ ಯಾರೋ ಬಣ್ಣದ ನೀರು ಚೆಲ್ಲಿದರು,
ಗಟಾರು ಕೆಂಪಗೆ ಹರಿಯಿತು.

'ಆ ಕೊಂಡಿ ಕಿತ್ತು ಒಗದರ?'
'ನೆತ್ತರ ಹದಾ ತಪ್ಪತೈತಿ ಕಾಕು. ಬೇಕು ಅವು.'
'ಹಂಗನ್ನು. ಕೊಂಡಿ ಇಲ್ಲಂದ್ರ
ಒಡಲಿಗೆ ಸೆರಗು ಎಲ್ಲಿಂದ ಬರಬೇಕು.'

ಹೆಬ್ಬೆರಳಿಗೆ ಬೂದಿ ಹಚ್ಚಿಕೊಂಡು
ಕಾಕಾನ ನೀಲಿ ಎಳೆಯೊಳಗೆ ಕೆಂಪು ಎಳೆ ತೂರಿಸಿದಳು.
ಇಪ್ಪತ್ತಕ್ಕೆ ಎಣಿಕೆ ತಪ್ಪಿತು.
ಮಾಸ್ಕು ಕೆಳಗೆ ಜಗ್ಗಿ, ಹಲ್ಲಿನಿಂದ ದಾರ ಕಡಿದು,
'ಆ ಲೈಟು ಸ್ವಲ್ಪ ಇತ್ತ ಹಿಡಿ' ಅಂದಳು.