ತೂಕದ ಚೀಟಿ

ಇಪ್ಪತ್ಮೂರು ವರ್ಷ ನಾನು ಬೀಗ ತೆಗೆದ ಬಾಗಿಲಿಗೆ
ಒಂದು ಕೆಟ್ಟ ಚಾಳಿ:
ಎಡಕ್ಕೆ ಚೂರು ಎತ್ತಿ ತಳ್ಳದಿದ್ದರೆ ತೆರೆಯುವುದಿಲ್ಲ.
ಹೊಸದಾಗಿ ಬಂದ ಭಾರ್ಗವಿಗೆ ಮೊದಲು ಹೇಳಿಕೊಟ್ಟದ್ದು ಅದನ್ನೇ.
ಆಮೇಲೆ ದಾಸ್ತಾನಿನ ಲೆಕ್ಕ:
ಇರಬೇಕಾದ್ದು ಒಂಬತ್ತು ಸಾವಿರದ ನಾನೂರ ಹನ್ನೆರಡು,
ಇರುವುದು ಅದಕ್ಕೆ ಇನ್ನೂರ ಆರು ಕಮ್ಮಿ.
"ಎಲ್ಲಿ ಹೋದವು ಮೇಡಂ?"
ಶಿಡ್ಲಘಟ್ಟ ಬಿಟ್ಟು ಎಲ್ಲಿಗೆ ಹೋಗುತ್ತವೆ, ಎಂದೆ,
ಇಲ್ಲೇ ಎಲ್ಲೋ ಇವೆ.

ಒಂದು, ಮಳ್ಳೂರಿನ ಸೊಸೆಯೊಬ್ಬಳ ಟ್ರಂಕಿನಲ್ಲಿ
ಸೀರೆಗಳ ಕೆಳಗೆ, ಅತ್ತೆಗೆ ಕಾಣದಂತೆ.
ಒಂದು, ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗ
ಪಾಸಾದ ಖುಷಿಯಲ್ಲಿ ವಾಪಸು ಕೊಡಲು ಮರೆತದ್ದು.
ಈಗ ಅವನನ್ನು ಹಿಡಿಯುವವರು ಯಾರು?
ಗೆದ್ದಲಿಗೆ ಒಂದು ನಲವತ್ತು.
ಅವೂ ಓದುಗರೇ,
ಕಾರ್ಡು ಮಾಡಿಸಿಕೊಂಡಿರಲಿಲ್ಲ, ಅಷ್ಟೆ.

ಬೀಳ್ಕೊಡುಗೆಗೆ ಜಿಲ್ಲೆಯಿಂದ ಸಾಹೇಬರು ಬಂದರು.
ಹಾರ, ಸ್ಟೀಲಿನ ತಟ್ಟೆ, ಖಾರಾಬೂಂದಿ,
ಗುದ್ದಿದರೆ ಮಾತ್ರ ತಿರುಗುವ ಫ್ಯಾನು.
"ಗೂಡು ಒಡೆದು ಹಾರುವ ಚಿಟ್ಟೆಯಂತೆ ಈ ತಾಯಿ..."
ಅವರು ಶುರುಮಾಡಿದ್ದೇ
ಹಿಂದಿನ ಬೆಂಚಿನಲ್ಲಿ ಅಮೀರ್ ಜಾನ್ ಸಾಬರು ಕೆಮ್ಮಿದರು.
ಕೆಮ್ಮಲ್ಲ ಅದು, ನಗು.
ನಲವತ್ತು ವರ್ಷ ಕುದಿನೀರಿಗೆ ಕೈಯಿಟ್ಟು ನೂಲು ತೆಗೆದವರು,
ಬೆರಳ ತುದಿಗಳಲ್ಲಿ ಗೆರೆಯೇ ಉಳಿದಿಲ್ಲ.
ರೇಷನ್ ಅಂಗಡಿಯ ಯಂತ್ರ
ಅವರನ್ನು ಅವರೆಂದು ಒಪ್ಪದ ದಿನ
ಇಲ್ಲಿಗೇ ಬಂದು ಕೂತಿದ್ದರು, ಕತ್ತಲಾಗುವ ತನಕ
ಒಂದೇ ಪೇಪರು ಹಿಡಿದು.
ಹೊರಗೆ ಚಪ್ಪಲಿ ಹುಡುಕುತ್ತ ಅಂದರು:
"ಚಿಟ್ಟೆ ಹಾರಿದರೆ ಗೂಡು ತೂತಲ್ಲವೇನಮ್ಮಾ?
ನಮ್ಮೂರಲ್ಲಿ ಅದಕ್ಕೆ ರೇಟೇ ಇಲ್ಲ."

ಯಾಕೆ ಬಿಟ್ಟೆ, ಎಲ್ಲರೂ ಕೇಳಿದರು.
ಸಂಬಳ, ಎಂದೆ ಕೆಲವರಿಗೆ.
ಮಂಡಿನೋವು, ಏಣಿ ಹತ್ತಲಾರೆ, ಎಂದೆ ಉಳಿದವರಿಗೆ.
ಎರಡೂ ಸುಳ್ಳಲ್ಲ.
ಆದರೆ ಒಂದು ಮಧ್ಯಾಹ್ನ, ಮೂರು ಗಂಟೆ ಇರಬಹುದು,
ಓದುವ ಕೋಣೆಯಲ್ಲಿ ತಗ್ಗಿದ ಒಂಬತ್ತು ತಲೆ.
ಯಾರಿಗೂ ನನ್ನಿಂದ ಏನೂ ಬೇಕಿರಲಿಲ್ಲ.
ಗೂಡಿನ ಮಾರ್ಕೆಟ್ಟಿನ ಕಡೆಯಿಂದ ಕೂಗು,
ಜಗಳವೋ ವ್ಯಾಪಾರವೋ ತಿಳಿಯದು.
'ನಿಶ್ಶಬ್ದ' ಎಂದು ನಾನೇ ಬರೆದು ಅಂಟಿಸಿದ ರಟ್ಟು
ನನ್ನನ್ನೇ ನೋಡುತ್ತಿತ್ತು.
ಇದನ್ನು ಯಾರ ಹತ್ತಿರ ಹೇಳಲಿ.

ಈಗ ಆ ಕೂಗಿನೊಳಗೇ ಕೂತು ತೂಕದ ಚೀಟಿ ಬರೆಯುತ್ತೇನೆ.
ಜಾಲರಿ ಜಾಲರಿ ಗೂಡು, ಬಿಳಿಯದು, ಹಳದಿಯದು.
ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸಿದರೆ
ಒಳಗಿರುವುದು ಟಕ್ಕೆನ್ನುತ್ತದೆ.
ಮೊದಲ ವಾರ, ಯಾರಾದರೂ ದನಿಯೆತ್ತಿದರೆ
ಬೆರಳು ತಾನಾಗಿ ತುಟಿಗೆ ಹೋಗುತ್ತಿತ್ತು.
ರೈತರ ಚೀಟಿಗಳನ್ನು ಅಕಾರಾದಿಯಲ್ಲಿ ಜೋಡಿಸಿಟ್ಟೆ;
"ಇಲ್ಲಿ ಬಂದದ್ದು ಬಂದ ಹಾಗೆ, ಮೇಡಂ" ಎಂದು ನಕ್ಕರು.
ಪುಸ್ತಕದಕ್ಕ ಹೋಗಿ ತೂಕದಕ್ಕ ಆದೆ.

ನಿನ್ನೆ ಒಬ್ಬಳು, ಮಳ್ಳೂರಿನವಳು,
ಕಿವಿಯ ಹತ್ತಿರ ನರೆ,
ಗೂಡು ಸುರಿದ ಮೇಲೂ ಹೋಗದೆ ನಿಂತಳು.
ಪ್ಲಾಸ್ಟಿಕ್ ಕವರಿನೊಳಗಿಂದ ಪುಸ್ತಕ.
"ಹದಿನಾಲ್ಕು ವರ್ಷ ಆಯ್ತಕ್ಕಾ, ದಂಡ ಎಷ್ಟು?"
ದಿನಕ್ಕೆ ಹತ್ತು ಪೈಸೆಯಂತೆ
ಐನೂರ ಹನ್ನೊಂದು, ತಲೆ ಆಗಲೇ ಹೇಳಿಬಿಟ್ಟಿತು.
ಬಾಯಿ ಬೇರೆ ಕೇಳಿತು: ಓದಿದೆಯಾ?
"ಮೂರು ಸಲ. ಕೊನೇ ಹಾಳೆ ಇರಲಿಲ್ಲ.
ನಾನೇ ಒಂದು ಅಂದ್ಕೊಂಡೆ."
ಏನಂದುಕೊಂಡೆ ಎಂದು ಕೇಳುವಷ್ಟರಲ್ಲಿ
ಹಿಂದಿನ ಲಾಟಿನವನು ರೇಗಿದ.
ಮುದ್ರೆಯಿಲ್ಲ, ರಿಜಿಸ್ಟರಿಲ್ಲ.
ತಕ್ಕಡಿಯ ಮೇಲಿಟ್ಟೆ: ಮುನ್ನೂರ ಹತ್ತು ಗ್ರಾಂ.
ಚೀಟಿ ಬರೆದುಕೊಟ್ಟೆ.
ನಾಲ್ಕು ಮಡಿಕೆ ಮಾಡಿ ಸೆರಗಿನ ತುದಿಗೆ ಕಟ್ಟಿಕೊಂಡಳು.

ಸಂಜೆ ಪುಸ್ತಕ ಹಿಡಿದು ಹೋದೆ.
ಎಡಕ್ಕೆ ಎತ್ತಿ, ಭುಜಕೊಟ್ಟು ತಳ್ಳಿದೆ.
ಕೀಲಿಗೆ ಎಣ್ಣೆ ಬಿಟ್ಟಿದ್ದಾಳೆ ಭಾರ್ಗವಿ!
ಮುಗ್ಗರಿಸಿ, ಪುಸ್ತಕದ ಸಮೇತ ಒಳಗೆ ಬಿದ್ದೆ.
ತಲೆಗಳೆಲ್ಲ ಮೇಲೆದ್ದವು.
ಶ್, ಎಂದರು ಯಾರೋ.